ಮಲೆನಾಡಿನ ಸಣ್ಣ ಊರಲ್ಲಿ ನೆಲೆಸುವುದಾದರೆ: ಮೊದಲು ಮಳೆಯ ಲೆಕ್ಕ, ಆಮೇಲೆ ಮನೆಯ ಬೆಲೆ

ಪ್ರಶ್ನೆ: ಈ ಡಿಸೆಂಬರಿನಲ್ಲಿ ನಿವೃತ್ತನಾಗುತ್ತಿದ್ದೇನೆ. ನನಗೆ 60, ಹೆಂಡತಿಗೆ 56. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಸ್ವಂತ ಊರು ತಿಪಟೂರು ಕಡೆ. ಎಲ್ಲಾ ಸೇರಿ ಕೈಗೆ 45 ಲಕ್ಷ ಬರುತ್ತದೆ, ತಿಂಗಳಿಗೆ 32 ಸಾವಿರ ಪಿಂಚಣಿ. ಬೆಟ್ಟ, ಕಾಡು ಇರುವ ಸಣ್ಣ ಊರಲ್ಲಿ ಉಳಿದ ಜೀವನ ಕಳೆಯುವ ಆಸೆ. ಮಡಿಕೇರಿ, ಚಿಕ್ಕಮಗಳೂರು ನಮ್ಮ ಕೈಗೆಟುಕುವುದಿಲ್ಲ. ಸಕಲೇಶಪುರದ ಆಚೆ ಒಂದು ಎಕರೆ ಜಾಗವನ್ನು ಬ್ರೋಕರ್ ಒಬ್ಬರು 28 ಲಕ್ಷಕ್ಕೆ ತೋರಿಸಿದ್ದಾರೆ. ಹೆಂಡತಿಗೆ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಬರುತ್ತದೆ. ಏನು ಮಾಡಬಹುದು?

ಉತ್ತರ: ನಿಮ್ಮ ಹಣಕ್ಕೆ ಮಲೆನಾಡಿನಲ್ಲಿ ಒಳ್ಳೆಯ ಮನೆಯೇ ಸಿಗುತ್ತದೆ. ಆ ಎಕರೆ ಮಾತ್ರ ಬೇಡ. ಯಾಕೆಂದು ಮುಂದೆ ಹೇಳುತ್ತೇನೆ. ತಾಲ್ಲೂಕು ಕೇಂದ್ರದ ಒಳಗೇ, ಬಸ್‌ಸ್ಟ್ಯಾಂಡಿಗೂ ಆಸ್ಪತ್ರೆಗೂ ಆಟೋದಲ್ಲಿ ಹತ್ತು ನಿಮಿಷದಲ್ಲಿ ಮುಟ್ಟುವ ಕಡೆ ಮನೆ ಹುಡುಕಿ. ಊರು ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಿರಲಿ. ಒಂದು ಮಳೆಗಾಲ ಅಲ್ಲಿ ಬಾಡಿಗೆಗೆ ಇದ್ದು ನೋಡುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಊರು ನೋಡಲು ಹೋಗುವವರು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಹೋಗುತ್ತಾರೆ. ಆಗ ಮಲೆನಾಡಿನ ಎಲ್ಲಾ ಊರೂ ಒಂದೇ ರೀತಿ ಚೆಂದ. ಊರಿಂದ ಊರಿಗೆ ಇರುವ ವ್ಯತ್ಯಾಸ ಗೊತ್ತಾಗುವುದು ಜುಲೈನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅಲ್ಲಿಂದ ಮೂವತ್ತು ಚಿಲ್ಲರೆ ಕಿ.ಮೀ. ಈಚೆ ಇರುವ ತೀರ್ಥಹಳ್ಳಿಗೆ ಬರುವಾಗ ಅದು ಅರ್ಧಕ್ಕೂ ಕಡಿಮೆ. ಇನ್ನೂ ಅರವತ್ತು ಕಿ.ಮೀ. ಪೂರ್ವಕ್ಕೆ ಶಿವಮೊಗ್ಗ ನಗರ ಮುಟ್ಟಿದರೆ 1,000 ಮಿ.ಮೀ. ಆಸುಪಾಸು. ಇಷ್ಟು ಸಣ್ಣ ಅಂತರದಲ್ಲಿ ಹವೆಯೇ ಬೇರೆಯಾಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟದ ಗೋಡೆ ಹತ್ತುವಾಗ ತನ್ನ ನೀರಿನ ಬಹುಪಾಲನ್ನು ಅಂಚಿನಲ್ಲೇ ಸುರಿದುಬಿಡುತ್ತದೆ, ದಾಟಿ ಬಂದದ್ದು ಒಳನಾಡಿಗೆ. ಮನೆಯ ಮರ ಲಡ್ಡಾಗುವುದು, ಬಟ್ಟೆ ಒಣಗದಿರುವುದು, ಕರೆಂಟು ಮೂರು ದಿನ ಬಾರದಿರುವುದು, ಬೀರುವಿನಲ್ಲಿ ಬೂಸ್ಟು ಹಿಡಿಯುವುದು ಎಲ್ಲಕ್ಕೂ ಮೂಲ ಈ ಮಳೆಯ ಅಂಕಿ. ನಿಮ್ಮ ಮನೆಯವರ ಉಬ್ಬಸಕ್ಕೂ ಚಳಿಗಿಂತ ಬೂಸ್ಟೇ ದೊಡ್ಡ ಶತ್ರು. ಹಾಗಾಗಿ ನಿಮ್ಮ ವಿಷಯದಲ್ಲಿ ನಾನು ಹಾಕುವ ಗೆರೆ: 2,500 ಮಿ.ಮೀ. ಒಳಗಿನ ಊರು. ಕೆಲವೇ ಕಿ.ಮೀ.ಗೆ ಮಳೆ ಬದಲಾಗುವುದರಿಂದ ಜಿಲ್ಲೆಯ ಸರಾಸರಿ ನಂಬಬೇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ಹೋಬಳಿವಾರು ಲೆಕ್ಕವಿದೆ, ಅದನ್ನು ನೋಡಿ.

ಈ ಗೆರೆ ಎಳೆದ ಕೂಡಲೇ ಶೃಂಗೇರಿ, ಕಳಸ, ಆಗುಂಬೆ ಸುತ್ತಿನ ಊರುಗಳು ಬಿಟ್ಟುಹೋಗುತ್ತವೆ. ಶೃಂಗೇರಿಯಲ್ಲಿ ಯಾತ್ರಿಕರಿಂದಾಗಿ ಮನೆ ಬಾಡಿಗೆಯೂ ಏರಿದೆ. ತುಂಗೆ ಉಕ್ಕಿದಾಗ ಗಾಂಧಿ ಮೈದಾನದ ಕಡೆ ನೀರು ನುಗ್ಗುವುದು ಅಲ್ಲಿಯವರಿಗೆ ಹೊಸದಲ್ಲ. ತೀರ್ಥಹಳ್ಳಿ, ಕೊಪ್ಪ ನಿಮ್ಮ ಗೆರೆಯ ಆಚೆಗೇ ಬರುತ್ತವೆ. ಉಬ್ಬಸ ಇಲ್ಲದವರಿಗಾದರೆ ತೀರ್ಥಹಳ್ಳಿಯನ್ನು ಮನಸಾರೆ ಹೇಳುತ್ತಿದ್ದೆ: ಓದುವ ಜನ, ಕೈಗೆಟುಕುವ ಬದುಕು, ಶಿವಮೊಗ್ಗ ಒಂದೂವರೆ ಗಂಟೆ ದಾರಿ. ದೊಡ್ಡ ಆಸ್ಪತ್ರೆಯಿರುವ ಮಣಿಪಾಲವೂ ಸುಮಾರು 90 ಕಿ.ಮೀ. ಅಷ್ಟೇ, ಆದರೆ ಅದು ಆಗುಂಬೆ ಘಟ್ಟ ಇಳಿದು ಹೋಗುವ ದಾರಿ, ಮಳೆಗಾಲದ ರಾತ್ರಿ ಅದನ್ನು ನೆಚ್ಚುವಂತಿಲ್ಲ.

ನಿಮಗೆ ನನ್ನ ಮೊದಲ ಆಯ್ಕೆ ಸಾಗರ. ಮೊದಲ ಕಾರಣ ರೈಲು. ತಾಳಗುಪ್ಪದಿಂದ ಹೊರಡುವ ಗಾಡಿ ಸಾಗರ, ಶಿವಮೊಗ್ಗ, ಬೀರೂರು, ಅರಸೀಕೆರೆ ದಾಟಿ ನಿಮ್ಮ ತಿಪಟೂರಿನ ಮೇಲೆಯೇ ಬೆಂಗಳೂರಿಗೆ ಹೋಗುತ್ತದೆ. ಎಪ್ಪತ್ತರ ವಯಸ್ಸಿನಲ್ಲಿ ರಾತ್ರಿ ಬಸ್ಸಿನ ಸೀಟಿನಲ್ಲಿ ಕೂರುವುದಕ್ಕೂ ರೈಲಿನಲ್ಲಿ ಕಾಲು ಚಾಚಿ ಮಲಗುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಆಗ ತಿಳಿಯುತ್ತದೆ. ಎರಡನೆಯದು, ಅದು ಉಪವಿಭಾಗ ಕೇಂದ್ರ. ಉಪವಿಭಾಗೀಯ ಆಸ್ಪತ್ರೆ, ಉಪವಿಭಾಗಾಧಿಕಾರಿ ಕಚೇರಿ, ಬ್ಯಾಂಕು, ಅಡಿಕೆ ಮಂಡಿ ಎಲ್ಲಾ ಊರೊಳಗೇ ಇವೆ. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗಳು ಎಪ್ಪತ್ತು ಚಿಲ್ಲರೆ ಕಿ.ಮೀ. ದೂರ, ದಾರಿಯಲ್ಲಿ ಘಟ್ಟವಿಲ್ಲ. ಐವತ್ತು ಸಾವಿರ ದಾಟಿದ ಜನಸಂಖ್ಯೆಯ ಊರಾದ್ದರಿಂದ ಪ್ರವಾಸಿಗರ ದುಡ್ಡಿನ ಮೇಲೆ ನಿಂತದ್ದಲ್ಲ. ಅಡಿಕೆ, ಭತ್ತ, ಸರ್ಕಾರಿ ನೌಕರರ ಸಂಬಳ ಇವುಗಳ ಮೇಲೆ ನಡೆಯುತ್ತದೆ. ಪ್ರವಾಸಿಗರನ್ನು ನಂಬಿದ ಊರಲ್ಲಿ ತರಕಾರಿ ಬೆಲೆಯಿಂದ ಹಿಡಿದು ಆಟೋ ಬಾಡಿಗೆಯವರೆಗೆ ಎಲ್ಲವೂ ಶನಿವಾರ, ಭಾನುವಾರದ ಲೆಕ್ಕದಲ್ಲಿರುತ್ತದೆ. ನಾಟಕ, ಪುಸ್ತಕದ ರುಚಿ ಇದ್ದರೆ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ಇದೆ.

ಸಾಗರದಲ್ಲೂ ಪಟ್ಟಣದ ಪೂರ್ವ ಬದಿ ನೋಡಿ. ತಾಲ್ಲೂಕಿನ ಪಶ್ಚಿಮಕ್ಕೆ, ಶರಾವತಿ ಹಿನ್ನೀರಿನ ಕಡೆ ಹೋದಂತೆ ಮಳೆ ವಿಪರೀತ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಹಿನ್ನೀರಿನ ಆಚೆಯ ತುಮರಿ ಕಡೆಯ ಜಾಗಕ್ಕೂ ಜನ ಕಣ್ಣು ಹಾಕಿದ್ದಾರೆ; ಅದು ನಿಮಗಲ್ಲ.

ಎರಡನೆಯ ಆಯ್ಕೆ ಶಿರಸಿ. ಊರಿನ ಮಳೆ ಸುಮಾರು 2,500 ಮಿ.ಮೀ., ಅಂದರೆ ನಿಮ್ಮ ಗೆರೆಯ ಮೇಲೆಯೇ. ಬನವಾಸಿ ದಿಕ್ಕಿಗೆ ಹೋದಂತೆ ಬೇಗ ಇಳಿಯುತ್ತದೆ. 1923ರಲ್ಲಿ ಶುರುವಾದ ತೋಟಗಾರರ ಸಹಕಾರ ಸಂಘದಂಥ ಸಂಸ್ಥೆಗಳಿಂದಾಗಿ ಅಂಗಡಿ, ದಿನಸಿಗೆ ತೊಂದರೆಯಿಲ್ಲ, ಊರು ಅಚ್ಚುಕಟ್ಟು. ಕೊರತೆ ಎರಡು: ರೈಲಿಲ್ಲ, ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೆ ನೂರು ಕಿ.ಮೀ. ಹೋಗಬೇಕು, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹೋರಾಟ ವರ್ಷಗಳಿಂದ ನಡೆದಿರುವುದು ಸುಮ್ಮನೆ ಅಲ್ಲ.

ಸಕಲೇಶಪುರ, ಮೂಡಿಗೆರೆ ಪಟ್ಟಣಗಳು ಇನ್ನೂ ಎತ್ತರದಲ್ಲಿವೆ, 900 ಮೀಟರಿನ ಮೇಲೆ, ತಂಪು ಹೆಚ್ಚು. ಹಾಸನ ನಲವತ್ತು ಕಿ.ಮೀ., ರೈಲೂ ಇದೆ ಎಂಬುದು ಸಕಲೇಶಪುರದ ಬಲ. ಆದರೆ ಹೋಂಸ್ಟೇ, ರೆಸಾರ್ಟುಗಳ ಭರಾಟೆಯಲ್ಲಿ ಜಾಗದ ಬೆಲೆ ಅಲ್ಲಿನ ಸಂಪಾದನೆಗೆ ಸಂಬಂಧವೇ ಇಲ್ಲದಂತೆ ಏರಿದೆ. ಸಕಲೇಶಪುರ, ಆಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ನಿತ್ಯದ ಮಾತು. ಊರಿಂದ ಹೊರಗೆ ಮನೆ ಮಾಡಿದರೆ ಬೆಳಗ್ಗೆ ಹಾಲಿಗೆ ಹೋಗುವುದಕ್ಕೂ ಆನೆ ಎಲ್ಲಿದೆ ಎಂದು ವಿಚಾರಿಸಿ ಹೊರಡಬೇಕು.

ಇನ್ನು ಆ ಎಕರೆ. ಕೊಳ್ಳಲು ಕಾನೂನಿನ ತಡೆಯಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ 28 ಲಕ್ಷ ಕೊಟ್ಟ ಮೇಲೆ ನಿಮ್ಮ ಕೈಗೆ ಬರುವುದು ಮಣ್ಣು ಮಾತ್ರ. ಅದಕ್ಕೆ ದಾರಿ, ಬೇಲಿ, ನೀರು, ಕರೆಂಟು ಕಂಬ, ಮನೆ, ಮನೆಗೆ ಬೇಕಾದ ಅನುಮತಿ, ಕಳೆ ತೆಗೆಸುವ ಆಳು ಎಲ್ಲವನ್ನೂ ನೀವೇ ಸೇರಿಸಬೇಕು. ಮಲೆನಾಡಿನಲ್ಲಿ ಆಳಿನ ಕೊರತೆ ಎಷ್ಟಿದೆಯೆಂದರೆ ತಲೆಮಾರುಗಳಿಂದ ತೋಟ ಮಾಡಿದವರೇ ಸೋತಿದ್ದಾರೆ. ಅದೇ ಜಾಗವನ್ನು ಐದೈದು ಗುಂಟೆ ‘ಫಾರ್ಮ್ ಪ್ಲಾಟ್’ ಮಾಡಿ ತೋರಿಸಿದರೆ ಇನ್ನೂ ದೂರ ಇರಿ. ಅವು ಎಷ್ಟೋ ಸಲ ಜಂಟಿ ಪಹಣಿಯಲ್ಲೇ ಉಳಿಯುತ್ತವೆ. ಹೆಸರು ಹತ್ತು ಜನರದ್ದು, ಗಡಿ ಯಾರದ್ದೂ ಅಲ್ಲ.

ಹಾಗೂ ಮನಸ್ಸು ಎಳೆದರೆ ಪಹಣಿ ಕೈಯಲ್ಲಿ ಹಿಡಿದು ಮೂರು ಕಡೆ ನೋಡಿ. ಕಲಂ 3ರಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು, ಅಂದರೆ ಸಾಗುವಳಿಗೆ ಬಾರದ ಭಾಗ, ಕಳೆದಿರುತ್ತಾರೆ. ‘ಬ’ ಖರಾಬು ಸರ್ಕಾರದ್ದು, ಅದಕ್ಕೆ ದುಡ್ಡು ಕೊಡಬಾರದು. ಕಲಂ 9ರಲ್ಲಿ ಮಾರುವವರ ಹೆಸರಿನ ಜೊತೆ ಬೇರೆ ಹೆಸರುಗಳಿದ್ದರೆ ಎಲ್ಲರ ಸಹಿ ಬೇಕು, ವಂಶವೃಕ್ಷವೂ ಬೇಕು. ಕಲಂ 11ರಲ್ಲಿ ಸೊಸೈಟಿ ಸಾಲ, ಕೋರ್ಟಿನ ತಡೆ ಕಾಣುತ್ತದೆ. ಜಮೀನು ಮೂಲದಲ್ಲಿ ಮಂಜೂರಾತಿಯದೋ ಎಂದು ಹಳೆಯ ಮ್ಯುಟೇಶನ್‌ (ಹಕ್ಕು ಬದಲಾವಣೆ) ದಾಖಲೆಗಳಿಂದ ಹುಡುಕಿಸಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಮಾರಾಟವೇ ಅನೂರ್ಜಿತವಾಗಬಹುದು. 2023ರ ತಿದ್ದುಪಡಿಯಾದ ಮೇಲೆ ‘ತುಂಬಾ ವರ್ಷವಾಯಿತು’ ಎಂಬ ಮಾತಿಗೂ ಬೆಲೆಯಿಲ್ಲ.

ಮಲೆನಾಡಿಗೇ ಸೇರಿದ ತೊಡಕುಗಳು ಬೇರೆ ಇವೆ, ಬಯಲುಸೀಮೆಯ ವಕೀಲರಿಗೆ ಇವು ಕೆಲವೊಮ್ಮೆ ಹೊಳೆಯುವುದಿಲ್ಲ. ಸೊಪ್ಪಿನಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಗು (ಒಣಗಿದ ಎಲೆ) ತರಲು ಕೊಟ್ಟ ಸವಲತ್ತು. ಮಾರುವವರು ‘ತೋಟದ ಜೊತೆ ನಾಲ್ಕು ಎಕರೆ ಬೆಟ್ಟವೂ ಬರುತ್ತದೆ’ ಎಂದರೆ ಅದು ಸ್ವತ್ತಲ್ಲ, ಅಲ್ಲಿ ಮನೆ ಕಟ್ಟುವಂತಿಲ್ಲ. ಕೊಡಗಿನ ಜಮ್ಮಾ, ಬಾಣೆ ಎಂಬ ಪಾರಂಪರಿಕ ಜಮೀನುಗಳದ್ದೂ ಬೇರೆಯದೇ ಹಕ್ಕಿನ ಚರಿತ್ರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಸಂತ್ರಸ್ತರಿಗೆ ಕೊಟ್ಟ ಜಮೀನುಗಳ ಹಕ್ಕು ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದರಲ್ಲಿ ಬದುಕು ಕಟ್ಟಿಕೊಂಡವರ ನೋವು ನಿಜವಾದದ್ದು, ಆದರೆ ಹೊಸಬರು ಅಂಥ ಜಾಗ ಕೊಳ್ಳುವುದು ಅವರಿಗೂ ನಿಮಗೂ ಕಷ್ಟವೇ. ಮೀಸಲು ಅರಣ್ಯ ಮಾಡುವ ಉದ್ದೇಶ ತಿಳಿಸುವ, ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಗೆ ಒಳಪಟ್ಟ ಸರ್ವೆ ನಂಬರುಗಳೂ ಅಷ್ಟೇ. ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಲಿಖಿತ ಹಿಂಬರಹ ತರಿಸಿಕೊಳ್ಳಿ, ಬಾಯಿಮಾತು ಸಾಲದು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಬಗ್ಗೆ ಮಾತ್ರ ಅನಗತ್ಯ ಭಯ ಬೇಡ. 2024ರ ಜುಲೈನ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೇರಿದೆ, ನಿಜ, ಅದು ತಡೆಯಹೊರಟಿರುವುದು ಗಣಿ, ಕ್ವಾರಿ, ಹೆಚ್ಚು ಮಾಲಿನ್ಯದ ‘ಕೆಂಪು ಪಟ್ಟಿ’ಯ ಕೈಗಾರಿಕೆ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳನ್ನು. ವಾಸದ ಮನೆಯನ್ನಲ್ಲ.

ಪಟ್ಟಣದೊಳಗಿನ ಮನೆಗೆ ಕಾಗದದ ಕೆಲಸ ಇಷ್ಟು ಗೋಜಲಲ್ಲ. ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ಇ-ಖಾತೆ ಇರಬೇಕು. ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ. ಊರಿಗೆ ಅಂಟಿಕೊಂಡ ಗ್ರಾಮ ಪಂಚಾಯಿತಿಯ ಮನೆಯಾದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಅದು ಕ್ರಮಬದ್ಧವಲ್ಲದ ಸ್ವತ್ತೆಂದು ತಿಳಿಯಿರಿ. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು. ಮಲೆನಾಡಿನ ಪಟ್ಟಣಗಳ ಅಂಚಿನಲ್ಲಿ ಎಷ್ಟೋ ಮನೆಗಳು ಸರ್ಕಾರಿ ಜಾಗದಲ್ಲಿ ಕಟ್ಟಿ, ಆಮೇಲೆ ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಮುಗಳ ಅಡಿ ಸಕ್ರಮವಾದವು. ಅವುಗಳ ಹಕ್ಕುಪತ್ರದಲ್ಲೇ ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ಷರತ್ತು ಇರುತ್ತದೆ. ಬೆಲೆ ತೀರಾ ಕಡಿಮೆ ಹೇಳಿದರೆ ಮೊದಲು ಕೇಳಬೇಕಾದ್ದು ಇದನ್ನೇ. ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸದೆ ಕ್ರಯಕ್ಕೆ ಕೂರಬೇಡಿ. ಮಲೆನಾಡಿನಲ್ಲಿ ಬೇಲಿ ಒಂದು ಕಡೆ, ಗಡಿ ಇನ್ನೊಂದು ಕಡೆ ಇರುವುದು ಸಾಮಾನ್ಯ.

ಮನೆ ನೋಡುವಾಗ ಮುಂಬಾಗಿಲಿನಿಂದಲ್ಲ, ಪಶ್ಚಿಮದ ಗೋಡೆಯಿಂದ ಶುರು ಮಾಡಿ. ನಾಲ್ಕು ತಿಂಗಳು ಮಳೆ ಗಾಳಿಯೊಡನೆ ಅಡ್ಡಡ್ಡ ಹೊಡೆಯುವುದು ಆ ಕಡೆಗೇ. ಹಳೆಯ ಮನೆಗಳಲ್ಲಿ ಮಾಡು ಗೋಡೆಯಿಂದ ಮೂರಡಿ ಆಚೆ ಚಾಚಿರುತ್ತದೆ, ಮಳೆಗೆ ಮೊದಲು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ; ಈಚಿನ ಆರ್‌ಸಿಸಿ ಮನೆಗಳು ಬೆಂಗಳೂರಿನ ನಕಾಶೆಯಲ್ಲಿ ಎದ್ದಿರುವುದರಿಂದ ಗೋಡೆ ಬೆತ್ತಲೆ. ಒಳಗಿನಿಂದ ಆ ಗೋಡೆಯಲ್ಲಿ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಬಣ್ಣ ಉಬ್ಬಿದೆಯೇ, ಬಿಳಿ ಉಪ್ಪು ಕಟ್ಟಿದೆಯೇ ನೋಡಿ. ಹಾಗಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆ, ಹೊಸ ಬಣ್ಣ ಒಂದು ಮಳೆಗೂ ಬಾಳದು. ಮೇಲಿನಿಂದ ಕಲೆ ಇಳಿದಿದ್ದರೆ ತಾರಸಿ ಸೋರುತ್ತಿದೆ. ಅದಕ್ಕೆ ಮದ್ದು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ಹಾಕಿ ಶೀಟು ಹೊದಿಸುವುದು. ಮಲೆನಾಡಿನಲ್ಲಿ ಈಗ ಎಲ್ಲರೂ ಮಾಡುತ್ತಿರುವುದು ಅದೇ. ಶೀಟಿನ ಕೆಳಗೆ ಬಟ್ಟೆ ಒಣಗಿಸಲು, ಕಟ್ಟಿಗೆ ಇಡಲು ಜಾಗವೂ ಆಯಿತು. ತೋರಿಸುವವರಿಗೆ ಸಂಕೋಚವಾದರೂ ಒಂದು ಗೋಡೆ ಬೀರುವನ್ನು ತೆರೆಸಿ ಮೂಸಿ ನೋಡಿ, ಪಶ್ಚಿಮದ ಗೋಡೆಯ ಕ್ಯಾಲೆಂಡರ್ ಎತ್ತಿ ಹಿಂಬದಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ನಿಮ್ಮ ಮನೆಯವರಿಗೆ ಆ ಮನೆ ಆಗದು. ಹಿತ್ತಲಿನಲ್ಲಿ ಕಟ್ಟಿಗೆಯ ಬಚ್ಚಲು ಒಲೆ ಇದ್ದರೆ ಹೊಗೆ ಒಳಗೆ ತಿರುಗದಂತೆ ಚಿಮಣಿ ಇದೆಯೇ ಎಂದೂ ನೋಡಿ.

ಆಮೇಲೆ ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮರುವರ್ಷ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ಕಂಡದ್ದು, ಇಳಿಜಾರನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡಿದ ಕಡೆ ಅಪಾಯ ಹೆಚ್ಚು ಎಂಬುದು. ಹಿಂದಿನ ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಮನೆ ಇರಲಿ. ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನಾಲ್ಕಡಿಗೊಂದರಂತೆ ಪೈಪಿನ ತೂತುಗಳಿರಬೇಕು; ಇಲ್ಲದಿದ್ದರೆ ಹಿಂದೆ ನಿಂತ ನೀರಿನ ಭಾರಕ್ಕೇ ಗೋಡೆ ಮಗುಚುತ್ತದೆ. ಮೇಲಿನ ನೆಲದಲ್ಲಿ ಅರ್ಧಚಂದ್ರದ ಬಿರುಕು, ಒಂದೇ ದಿಕ್ಕಿಗೆ ವಾಲಿದ ಮರಗಳು ಕಂಡರೆ ಅಲ್ಲಿಂದಲೇ ಹಿಂದಿರುಗಿ. ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೋದ ಬಿರುಕು ತುಂಬಿದ ಮಣ್ಣಿನ ಮೇಲೆ ಕಟ್ಟಿದ ಮನೆಯ ಗುರುತು.

ಇಷ್ಟು ಮಳೆ ಬೀಳುವ ಊರಲ್ಲಿ ಏಪ್ರಿಲ್ ಬಂದರೆ ನೀರಿಗೆ ಪರದಾಟ. ಬಿದ್ದ ನೀರೆಲ್ಲಾ ಇಳಿಜಾರಿನಲ್ಲಿ ಹರಿದುಹೋಗುವುದೇ ಕಾರಣ. ಆದ್ದರಿಂದ ಬಾವಿಯನ್ನು ಏಪ್ರಿಲ್ ಕೊನೆಯಲ್ಲಿ ಇಣುಕಿ ನೋಡಬೇಕು. ಆಗ ನಾಲ್ಕಡಿ ನೀರಿದ್ದರೆ ಇಬ್ಬರಿಗೆ ಸಾಕು. ಬೋರ್‌ವೆಲ್ ನೀರನ್ನು ಬಿಳಿ ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟು, ತಳದಲ್ಲಿ ಕೆಂಪು ಕೂತರೆ ಕಬ್ಬಿಣದ ಅಂಶ ಇದೆ ಎಂದು ತಿಳಿಯಿರಿ.

ಕರೆಂಟು ಹೋದಾಗ ಇನ್ವರ್ಟರಿನ 150 ಎಎಚ್‌ (ಆಂಪಿಯರ್-ಅವರ್) ಸಾಮರ್ಥ್ಯದ ಒಂದು ಟ್ಯೂಬುಲರ್ ಬ್ಯಾಟರಿ ಎರಡು ಫ್ಯಾನು, ನಾಲ್ಕು ದೀಪ, ಇಂಟರ್ನೆಟ್ ಪೆಟ್ಟಿಗೆ ಸೇರಿ 150 ವ್ಯಾಟ್ ಭಾರವನ್ನು ಸುಮಾರು ಎಂಟು ಗಂಟೆ ಹೊರುತ್ತದೆ. ಜುಲೈನಲ್ಲಿ ಮರ ಬಿದ್ದು ತಂತಿ ಹರಿದರೆ ಅದು ಸಾಲದು, ಎರಡು ಬ್ಯಾಟರಿ ಬೇಕು. ಮಳೆಗಾಲದಲ್ಲಿ ಸೋಲಾರ್ ನೆಚ್ಚಬೇಡಿ. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಇಟ್ಟುಕೊಳ್ಳುವುದಾದರೆ ಬ್ಯಾಟರಿಯಲ್ಲೂ ನಡೆಯುವಂಥದ್ದು ತನ್ನಿ.

ಹಣದ ಲೆಕ್ಕ ಹೀಗೆ ಹಾಕಿ. ಹತ್ತು ಲಕ್ಷವನ್ನು ಆಸ್ಪತ್ರೆಗೆಂದು ಠೇವಣಿ ಇಟ್ಟು ಮರೆತುಬಿಡಿ. ಉಳಿದ 35ರಲ್ಲಿ ಮನೆಗೆ 28ರ ಮೇಲೆ ಹೋಗಬೇಡಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಸುಮಾರು ಶೇ. 7.6, ಅಂದರೆ ಎರಡು ಲಕ್ಷದ ಮೇಲೆ ಹದಿಮೂರು ಸಾವಿರ. ವಕೀಲರು, ಸರ್ವೆಗೆ ನಲವತ್ತು ಸಾವಿರ ತೆಗೆದಿಡಿ. ಶೀಟು, ಪಶ್ಚಿಮದ ಗೋಡೆ, ವೈರಿಂಗ್ ದುರಸ್ತಿಗೆ ಮೂರು ಲಕ್ಷ. ಉಳಿದ ಒಂದೂವರೆ ಲಕ್ಷ ಸಾಮಾನು ಸಾಗಿಸಲು, ಬಾಡಿಗೆ ಮನೆಯ ಮುಂಗಡಕ್ಕೆ. ಕಟ್ಟಿದ ಮನೆ ಸಿಗದೆ ನೀವೇ ಕಟ್ಟಿಸುವುದಾದರೆ ಚದರಕ್ಕೆ (ನೂರು ಚದರ ಅಡಿಗೆ) ಎರಡರಿಂದ ಎರಡೂವರೆ ಲಕ್ಷ ಹಿಡಿಯಿರಿ. ಎಂಟು ಚದರ ಇಬ್ಬರಿಗೆ ಧಾರಾಳ. ಕೆಲಸ ನವೆಂಬರಿನಿಂದ ಮೇ ಒಳಗೆ ಮುಗಿಯಬೇಕು. ಮೇ ದಾಟಿದರೆ ಅರ್ಧ ಕಟ್ಟಿದ ಗೋಡೆ ನಾಲ್ಕು ತಿಂಗಳು ನೆನೆಯುತ್ತದೆ.

ಮಂಗನ ಕಾಯಿಲೆಯ ಬಗ್ಗೆ ಯಾವ ಬ್ರೋಕರೂ ಹೇಳುವುದಿಲ್ಲ, ನೀವು ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಜೋರು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಹಲವರು ತೀರಿಕೊಂಡರು. ಪಟ್ಟಣದ ಬೀದಿಯಲ್ಲಿ ಇರುವವರಿಗೆ ಭಯ ಕಡಿಮೆ. ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರಿಗೆ ಹೆಚ್ಚು. ಆ ತಿಂಗಳುಗಳಲ್ಲಿ ಬೆಳಗಿನ ವಾಕಿಂಗನ್ನು ಕಾಡಿನ ಕಾಲುದಾರಿಯಲ್ಲಿ ಮಾಡಬೇಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ ಹಚ್ಚಿ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಕುದಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಡಿಸೆಂಬರಿನಲ್ಲಿ ನಿವೃತ್ತರಾಗುವ ನಿಮಗೆ ಕಾಲ ಒದಗಿ ಬರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸಾಗರ, ಶಿರಸಿ ಎರಡರಲ್ಲೂ ನಾಲ್ಕು ನಾಲ್ಕು ದಿನ ತಂಗಿ. ಏಪ್ರಿಲ್ ಕೊನೆಯಲ್ಲಿ ಬಾಡಿಗೆ ಮನೆ ಹಿಡಿಯಿರಿ, ನೀರಿನ ನಿಜ ಆಗ ಕಾಣುತ್ತದೆ. ಅಲ್ಲಿನ ಬಾಡಿಗೆ ಮನೆಗಳು ಮೊಬೈಲಿನಲ್ಲಿ ಸಿಗುವುದಿಲ್ಲ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ, ಹಾಲಿನ ಬೂತು, ಮೆಡಿಕಲ್ ಶಾಪಿನಲ್ಲಿ ಕೇಳಿ. ಹನ್ನೊಂದು ತಿಂಗಳ ಕರಾರು ಮಾಡಿ. ಬೆಂಗಳೂರಿನ ಸಾಮಾನನ್ನೆಲ್ಲಾ ತರದೆ, ಹಾಸಿಗೆ, ಪಾತ್ರೆ, ಇಬ್ಬರಿಗೆ ಬೇಕಾದಷ್ಟು ಬಟ್ಟೆ ಮಾತ್ರ ತನ್ನಿ. ಬೆಂಗಳೂರು ಬಿಡುವ ಮೊದಲೇ ಶ್ವಾಸಕೋಶದ ವೈದ್ಯರನ್ನು ಕಂಡು, ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಂಡು, ಮನೆಯವರು ದಿನಾ ಬೆಳಗ್ಗೆ ಊದಿ ಅಂಕಿಯನ್ನು ಬರೆದಿಡಲಿ. ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಆ ಅಂಕಿ ಬೆಂಗಳೂರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕುಸಿಯದಿದ್ದರೆ, ಸೆಪ್ಟೆಂಬರಿನಲ್ಲಿ ಗೋಡೆಗಳು ಇನ್ನೂ ಒದ್ದೆ ಇರುವಾಗಲೇ ಕೊಳ್ಳುವ ಮನೆ ನೋಡಲು ಹೊರಡಿ. ಆಗ ಯಾರೂ ಹೊಸ ಬಣ್ಣ ಬಳಿದು ತೋರಿಸಲಾರರು.